ಶ್ರುತಿಗಾಗಿ ಯಂತ್ರವನ್ನು ಬಿಚ್ಚಿದವರು

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಹೈದರಾಬಾದಿನ ಹೆದ್ದಾರಿಯು ಬಾಗೇಪಲ್ಲಿಯನ್ನು ಹಿಂದಿಕ್ಕಿ ಆಂಧ್ರದ ನೆಲವನ್ನು ಸೇರುತ್ತಲೇ ಎದುರಾಗುವ ಕೊಡಿಕೊಂಡವು, ತನ್ನ ಚೆಕ್‌ಪೋಸ್ಟಿನ ದೆಸೆಯಿಂದ ಲಾರಿಯವರಿಗೆ ಎಷ್ಟು ಪರಿಚಿತವೋ, ತನ್ನ ನೆರೆಹೊರೆಯ ದೆಸೆಯಿಂದ ಸಂಗೀತದ ಚರಿತ್ರೆಯಲ್ಲಿ ಆಸಕ್ತರಾದವರಿಗೆ ಅಷ್ಟೇ ಕುತೂಹಲಕರವಾಗಬೇಕಾದ ತಾಣ. ಇಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಲೇಪಾಕ್ಷಿ, ಅದನ್ನು ದಾಟಿದರೆ ಹಿಂದೂಪುರ; ಇನ್ನೂ ದೂರದಲ್ಲಿ, ವಾಯವ್ಯ ದಿಕ್ಕಿಗೆ, ಕಲ್ಯಾಣದುರ್ಗ; ಪುಟ್ಟಪರ್ತಿಯ ಯಾತ್ರಿಕರು ಹೆದ್ದಾರಿಯನ್ನು ಬಿಡುವುದೂ ಈ ಆಸುಪಾಸಿನಲ್ಲಿಯೇ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಅಥವಾ ಅದರ ವಿಪರ್ಯಯವಾಗಿ ನಡೆಯುವ ಬಾಳು ಇಲ್ಲಿನದು. ಬೆಲ್ಲದ ವ್ಯಾಪಾರಕ್ಕೆ ಹಿಂದೂಪುರವನ್ನು ನೆಚ್ಚಿದವರೇ, ಕೆಟ್ಟ ರೇಡಿಯೋವನ್ನು ಕಟ್ಟಿಕೊಂಡು ಬೆಂಗಳೂರಿನ ರೈಲು ಹತ್ತುತ್ತಿದ್ದರು.

ಹಳೆಯ ಕೈಯಾಟದ ಯಂತ್ರಗಳನ್ನು ಬಿಚ್ಚಿ, ಅವುಗಳ ಒಳಗಿನ ಸದ್ದಿನ ಚಿಪ್ಪನ್ನು ಸಂಗೀತಕ್ಕೆ ಪಳಗಿಸುವ ಹವ್ಯಾಸವೊಂದು ಈಗ ಮೂರು ದಶಕಗಳಿಂದ ಲೋಕದ ನಾನಾ ಕಡೆ ಬೆಳೆದಿದೆ. ಅದನ್ನು ಕೇವಲ ಹುಡುಗಾಟವೆಂದು ಹಿರಿಯರೂ, ಹಿಂದೆಂದೂ ಇಲ್ಲದ ನೂತನ ಸಾಹಸವೆಂದು ಕಿರಿಯರೂ ಭಾವಿಸುವುದುಂಟು. ಇಬ್ಬರ ಅಭಿಪ್ರಾಯವನ್ನೂ ನಾನು ಒಪ್ಪಲಾರೆ. ಪರರು ಪರರ ಪ್ರಯೋಜನಕ್ಕಾಗಿ ಕಟ್ಟಿದ ಸಾಧನವನ್ನು ಕೊಂಡು ತಂದು, ಅದು ಇದ್ದಂತೆ ನುಡಿಸದೆ, ತನ್ನ ಕಿವಿಗೆ ಒಗ್ಗುವವರೆಗೆ ಅದರ ಹೊಟ್ಟೆಯನ್ನು ಬಗೆದು ತಿದ್ದುವ ಕೆಲಸವು ಈ ಸೀಮೆಯ ಮತ್ತು ಮೈಸೂರಿನ ಸಂಗೀತಗಾರರಿಗೆ ಬಹು ಹಿಂದಿನಿಂದ ಬಂದದ್ದು. ಅದರ ಕಥೆಯನ್ನು ಆದಿಯಿಂದ ಹೇಳಿದರೆ ಮಾತ್ರವೇ ಅಂತ್ಯದಲ್ಲಿ ಬರುವ ಆ ಪುಟ್ಟ ಆಟದ ಯಂತ್ರವು ತನ್ನ ಯೋಗ್ಯಸ್ಥಾನದಲ್ಲಿ ಕಾಣಿಸೀತು.

ಲೇಪಾಕ್ಷಿಯ ವೀರಭದ್ರ ದೇಗುಲವನ್ನು ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ಎಂದರೆ 1529ರಿಂದ 1542ರ ನಡುವಣ ಆಳ್ವಿಕೆಯಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಬೆಳೆಸಿದರು. ಅಲ್ಲಿನ ಶಾಸನಗಳಲ್ಲಿ ಬಹುಪಾಲು ಕನ್ನಡದವು. ನಾಟ್ಯಮಂಟಪದ ಕಂಬಗಳ ಮೇಲೆ ರಂಭೆಯು ನರ್ತಿಸುತ್ತಿರಲು ಬ್ರಹ್ಮನು ಮದ್ದಳೆಯನ್ನೂ ತುಂಬುರನು ವೀಣೆಯನ್ನೂ ಹಿಡಿದು ನಿಂತ ಮೂರ್ತಿಗಳನ್ನು ನೋಡಿದವನಿಗೆ, ವಾದ್ಯಗಳು ದೇವತೆಗಳ ಕೈಯಿಂದ ಸಿದ್ಧರೂಪದಲ್ಲಿಯೇ ಇಳಿದು ಬಂದುವೋ ಎಂಬ ಭ್ರಮೆ ಹುಟ್ಟುವುದು ಸಹಜ. ಆದರೆ ಆ ಶಿಲ್ಪಿಗಳ ಉಳಿ ನಿಂತ ಕೆಲವೇ ವರ್ಷಗಳ ಅನಂತರ, 1550ರಲ್ಲಿ, ಅದೇ ಸಾಮ್ರಾಜ್ಯದ ಆಶ್ರಯದಲ್ಲಿ ರಾಮಾಮಾತ್ಯನು ಬರೆದ ‘ಸ್ವರಮೇಳಕಲಾನಿಧಿ’ಯನ್ನು ತೆರೆದರೆ ಕಾಣುವುದು ಬೇರೆಯೇ ಚಿತ್ರ. ರಾಗಕ್ಕೊಂದರಂತೆ ಮೆಟ್ಟಿಲುಗಳನ್ನು ಸರಿಸಿಕೊಳ್ಳಬೇಕಾದ ವೀಣೆ ಯಾವುದು, ಸಕಲ ರಾಗಗಳಿಗೂ ಒಂದೇ ಏರ್ಪಾಟು ಸಾಲುವ ವೀಣೆ ಯಾವುದು, ತಂತಿಗಳನ್ನು ಯಾವ ಸ್ವರಗಳಿಗೆ ಕೂಡಿಸಬೇಕು ಎಂಬ ವಿಚಾರದಲ್ಲಿ ಆತನು ತೊಡಗಿದ ರೀತಿಯು ಭಕ್ತನದಲ್ಲ, ಕಮ್ಮಟದವನದು. ಮುಂದೆ ಹದಿನೇಳನೆಯ ಶತಮಾನದಲ್ಲಿ ಅಹೋಬಲನು ‘ಸಂಗೀತ ಪಾರಿಜಾತ’ದಲ್ಲಿ ಸ್ವರಸ್ಥಾನಗಳನ್ನು ತಂತಿಯ ಉದ್ದದ ಭಾಗಗಳಿಂದಲೇ ನಿರ್ದೇಶಿಸಿದನು. ತಂತಿಯನ್ನು ಅರ್ಧಕ್ಕೆ ಒತ್ತಿದರೆ ತಾರಷಡ್ಜ, ಮೂರರಲ್ಲಿ ಎರಡು ಪಾಲು ಉಳಿಸಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲಿಗೆ ಶುದ್ಧಮಧ್ಯಮ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡುತ್ತೇನೆ; ಅದು ಮುಂದೆ ಅನಿರೀಕ್ಷಿತವಾದ ಕಡೆಯಲ್ಲಿ ಒದಗಿಬರುತ್ತದೆ.

ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಜನಿಸಿದ ಅನಂತಕೃಷ್ಣಶರ್ಮರು ಮೈಸೂರಿಗೆ ಬಂದು, ಮಹಾರಾಜಾ ಕಾಲೇಜಿನಲ್ಲಿ ತೆಲುಗಿನ ಅಧ್ಯಾಪಕರಾಗಿ ದಶಕಗಳನ್ನು ಕಳೆದು, ಬಿಡಾರಂ ಕೃಷ್ಣಪ್ಪನವರಲ್ಲಿ ಗಾಯನವನ್ನು ಅಭ್ಯಾಸಮಾಡಿ, ತೆಲುಗಿನಲ್ಲಿ ಎಷ್ಟೋ ಅಷ್ಟೇ ಸುಭಗವಾದ ಕನ್ನಡದಲ್ಲಿ ‘ಗಾನಕಲೆ’ಯನ್ನು ಕುರಿತು ಬರೆದು, ತರುವಾಯ ತಿರುಪತಿಯಲ್ಲಿ ಅನ್ನಮಾಚಾರ್ಯರ ಪದಗಳಿಗೆ ರಾಗಸಂಯೋಜನೆ ಮಾಡಿ, 1974ರಲ್ಲಿ ಸಂಗೀತ ಕಲಾನಿಧಿಗಳೆನಿಸಿದರು. ಗಡಿಯ ಎರಡೂ ಕಡೆಯವರು ‘ನಮ್ಮವರು’ ಎಂದು ಹೇಳಿಕೊಳ್ಳಬಹುದಾದ ಮಹನೀಯರಲ್ಲಿ ಇವರನ್ನು ಮೀರಿಸಿದವರು ವಿರಳ. ಅದೇ ಕೃಷ್ಣಪ್ಪನವರ ಇನ್ನೊಬ್ಬ ಶಿಷ್ಯರು ಪಿಟೀಲು ಚೌಡಯ್ಯನವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಸಹಸ್ರ ಜನ ಸೇರಿದ ಸಭೆಯಲ್ಲಿ, ನಾಲ್ಕು ತಂತಿಯ ಪಿಟೀಲಿನ ತೆಳುವಾದ ನಾದವು ಗಾಯಕರ ಕಂಠದ ಹಿಂದೆ ಅಡಗಿಹೋಗುವುದನ್ನು ಸಹಿಸಲಾರದೆ, ಚೌಡಯ್ಯನವರು ಅದಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ವಾದ್ಯವನ್ನಾಗಿ ಮಾಡಿಕೊಂಡರು. ಹೀಗೆ ಮಾಡುವುದು ಸುಲಭವೆಂದು ಯಾರೂ ಎಣಿಸಬಾರದು. ತಂತಿ ಹೆಚ್ಚಿದಂತೆ ಕುದುರೆಯ ಮೇಲಿನ ಒತ್ತಡ ಹೆಚ್ಚುತ್ತದೆ, ಬೆರಳು ಎರಡೆರಡು ತಂತಿಗಳನ್ನು ಒಮ್ಮೆಗೇ ಸಮವಾಗಿ ಅದುಮಬೇಕಾಗುತ್ತದೆ, ಕಮಾನಿನ ಭಾರವೂ ಬದಲಾಗುತ್ತದೆ. ಯೂರೋಪಿನ ಕುಶಲಿಗಳು ಶತಮಾನಗಳ ಕಾಲ ತಿದ್ದಿ ತೀಡಿ ಪೂರ್ಣವೆಂದು ಬಿಟ್ಟುಕೊಟ್ಟ ವಾದ್ಯವನ್ನು ಅಪೂರ್ಣವೆಂದು ಕಾಣಲು ಬೇಕಾಗುವ ಧೈರ್ಯವನ್ನು ನಾನು ಪಾಂಡಿತ್ಯಕ್ಕಿಂತ ಮಿಗಿಲೆಂದು ಎಣಿಸುತ್ತೇನೆ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವು ಪಿಟೀಲಿನ ಆಕಾರದಲ್ಲಿಯೇ ನಿಂತಿದೆ.

ಕರಾವಳಿಯಲ್ಲಿ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನನ್ನು ಮಾರ್ಪಡಿಸಿ ಕರ್ನಾಟಕ ಸಂಗೀತಕ್ಕೆ ಒಲಿಸಿದ್ದೂ, ಗೋದಾವರಿಯ ಸೀಮೆಯಲ್ಲಿ ಯು. ಶ್ರೀನಿವಾಸರು ಎಂಟು ತಂತಿಯ ಮ್ಯಾಂಡೊಲಿನನ್ನು ಐದು ಒಂಟಿ ತಂತಿಗಳ ವಿದ್ಯುದ್ವಾದ್ಯವಾಗಿ ನುಡಿಸಿದ್ದೂ ಇದೇ ಜಾತಿಯ ಕೆಲಸ. ಅವು ಸುಪ್ರಸಿದ್ಧವಾದುದರಿಂದ ವಿಸ್ತರಿಸುವುದಿಲ್ಲ.

ಹೀಗೆ ತಿದ್ದಿಸಿಕೊಳ್ಳಲು ಒಪ್ಪದೆ ಹಠಹಿಡಿದ ವಾದ್ಯವೆಂದರೆ ಹಾರ್ಮೋನಿಯಂ. ಅದರ ಹಿತ್ತಾಳೆಯ ನಾಲಗೆಗಳು ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಕಡಿದಿಟ್ಟಿರುವುದರಿಂದ, ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ಗಮಕವು ಅಲ್ಲಿ ಅಸಾಧ್ಯ. ಗಾಂಧಾರವೋ ಶುದ್ಧಸ್ಥಾನಕ್ಕಿಂತ ಸ್ಫುಟವಾಗಿ ಮೇಲೆ ನಿಲ್ಲುತ್ತದೆ. ಈ ದೋಷವನ್ನೇ ಮುಂದುಮಾಡಿ ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚಿನಲ್ಲಿ ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಬಹಿಷ್ಕರಿಸಿತು. ಬಹಿಷ್ಕಾರವು ಸಡಿಲವಾದುದು 1971ರಲ್ಲಿ. ದೋಷವನ್ನು ಕಂಡುಹಿಡಿದವರ ಕಿವಿ ಸರಿಯಾಗಿತ್ತು, ಆದರೆ ವಿಧಿಸಿದ ಚಿಕಿತ್ಸೆ ಮಾತ್ರ ಸರಿಯಾಗಿರಲಿಲ್ಲವೆಂದೇ ನನ್ನ ಮತ. ವಾದ್ಯವನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅದು ತಿದ್ದಿಕೊಳ್ಳುವುದಿಲ್ಲ. ಒಳಗೆ ಕರೆದು ಬಿಚ್ಚಿ ನೋಡಿದರೆ ತಿದ್ದಿಕೊಂಡೀತು. ಕಥೆ ಕೀರ್ತನೆಗಳಲ್ಲಿಯೂ ಕಂಪನಿ ನಾಟಕಗಳಲ್ಲಿಯೂ ಅದೇ ಹಾರ್ಮೋನಿಯಂ ರಾಜ್ಯಭಾರ ಮಾಡುತ್ತಲೇ ಇತ್ತು. ಅದರ ಗರ್ಭದಿಂದ ಸ್ವರದ ಮನೆಗಳನ್ನು ತೆಗೆದುಹಾಕಿ, ಷಡ್ಜಪಂಚಮಗಳನ್ನು ಮಾತ್ರ ಉಳಿಸಿಕೊಂಡ ಶ್ರುತಿಪೆಟ್ಟಿಗೆಯು ಊರೂರ ಭಜನೆಯ ಮನೆಗಳನ್ನು ಹೊಕ್ಕಿತ್ತು.

ರೇಡಿಯೋದ ಪ್ರಸ್ತಾಪ ಬಂದುದರಿಂದ ಒಂದು ಮಾತು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಸ್ವಗೃಹದಲ್ಲಿಯೇ ಪುಟ್ಟ ಪ್ರೇಷಕವೊಂದನ್ನಿಟ್ಟುಕೊಂಡು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರೆಂದು ಖ್ಯಾತರಾದ ಹಾಸ್ಯಲೇಖಕ ನಾ. ಕಸ್ತೂರಿಯವರು ಉತ್ತರವಯಸ್ಸಿನಲ್ಲಿ ನೆಲೆಸಿದುದು ಪುಟ್ಟಪರ್ತಿಯಲ್ಲಿ, ಕೊಡಿಕೊಂಡದ ಈ ದಾರಿಯ ಕೊನೆಯಲ್ಲಿ. ಮನೆಯ ಕೋಣೆಯಲ್ಲಿ ತಂತಿ ಬೆಸೆಯುತ್ತ ಕುಳಿತ ಹವ್ಯಾಸಿಯಿಂದ ಒಂದು ಸಂಸ್ಥೆಯೇ ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ.

ಸ್ವಾತಂತ್ರ್ಯಾನಂತರ ಬೆಂಗಳೂರು ವಿದ್ಯುನ್ಮಾನದ ಪಟ್ಟಣವಾದುದು ಆಕಸ್ಮಿಕವಲ್ಲ. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಅರುವತ್ತರ ದಶಕದ ಆರಂಭದಲ್ಲಿ ರೇಡಿಯೋ ವಾಲ್ವುಗಳನ್ನೂ, ಬೆನ್ನಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ದೇಶದಲ್ಲಿಯೇ ಬಿಡಿಭಾಗ ದೊರೆಯತೊಡಗಿದ ಮೇಲೆ ಅದನ್ನು ಬಲ್ಲ ಕೈಗಳೂ ಹೆಚ್ಚಿದವು. ಸಾದರ ಪತ್ರಪ್ಪ ರಸ್ತೆಯ, ಎಂದರೆ ಎಲ್ಲರ ಬಾಯಲ್ಲಿ ಎಸ್. ಪಿ. ರೋಡಿನ, ಇಕ್ಕಟ್ಟಾದ ಅಂಗಡಿಗಳಲ್ಲಿ ರೆಸಿಸ್ಟರು ಕೆಪಾಸಿಟರುಗಳು ಕಾಳುಕಡ್ಡಿಯಂತೆ ಚಿಲ್ಲರೆಯಲ್ಲಿ ಸಿಕ್ಕತೊಡಗಿದವು. ಸಂಗೀತವನ್ನೂ ಸೋಲ್ಡರಿಂಗನ್ನೂ ಒಟ್ಟಿಗೆ ಬಲ್ಲವನೊಬ್ಬನು ಇಲ್ಲಿ ಹುಟ್ಟದೆ ಬೇರೆಲ್ಲಿ ಹುಟ್ಟಬೇಕು?

ವೃತ್ತಿಯಿಂದ ಇಂಜಿನಿಯರರೂ ಪ್ರವೃತ್ತಿಯಿಂದ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದರು. ಅವರ ರೇಡೆಲ್ ಸಂಸ್ಥೆಯ ಹೆಸರು ಅಲ್ಲಿಂದಾಚೆಗೆ ಸಂಗೀತದ ಮನೆಗಳಲ್ಲಿ ಮನೆಮಾತಾಯಿತು. ರಾಳ್ಳಪಲ್ಲಿಯವರು ತೀರಿಕೊಂಡುದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನಿಲ್ಲವಾದರೂ ಒಂದು ಯುಗದ ಕೀಲು ಅಲ್ಲಿ ತಿರುಗಿತೆಂದು ನನಗೆ ತೋರುತ್ತದೆ. ತಂಬೂರಿಯ ನಾದದ ರಹಸ್ಯವಿರುವುದು ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆಯಲ್ಲಿ, ಜೀವಾಳದಲ್ಲಿ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೂ ಝೇಂಕಾರವು ಹೂವಾಗುತ್ತದೆ ಅಥವಾ ಸತ್ತುಹೋಗುತ್ತದೆ. ಈ ಮೇಲ್ಸ್ವರಗಳ ಸಮೃದ್ಧಿಯನ್ನು ಮಂಡಲಗಳಿಂದ ಹೊರಡಿಸಿ, ಪಂಚಮ, ಎರಡು ಷಡ್ಜ, ಮಂದ್ರಷಡ್ಜಗಳನ್ನು ಕ್ರಮವಾಗಿ ಮೀಟಿದಂತೆ ಕೇಳಿಸಿ, ಶ್ರುತಿಗೊಂದು, ವೇಗಕ್ಕೊಂದು, ಧ್ವನಿಗೊಂದು ತಿರುಗುಗುಂಡಿಯನ್ನಿಟ್ಟ ಆ ಪೆಟ್ಟಿಗೆಯು, ರೈಲಿನಲ್ಲಿ ತಂಬೂರಿಯ ಬುರುಡೆ ಒಡೆದುಕೊಂಡು ಬಂದ ವಿದ್ವಾಂಸರಿಗೆ ಎಂತಹ ಉಪಕಾರವಾಯಿತೆಂಬುದನ್ನು ಬಣ್ಣಿಸಬೇಕಾಗಿಲ್ಲ. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಚಿಪ್ಪಿನಲ್ಲಿ ತುಂಬಿಡುವ ಮಾದರಿಗಳೂ ಬಂದವು. ಆದರೂ ನನಗೆ ಹಳೆಯ ಮಾದರಿಗಳ ಮೇಲೆಯೇ ಪಕ್ಷಪಾತ: ಅವುಗಳ ಗುಂಡಿಯನ್ನು ಬೆರಳ ತುದಿಯಲ್ಲಿ ನವುರಾಗಿ ತಿರುಗಿಸುತ್ತ, ಒಂದೂವರೆ ಮನೆಗೂ ಎರಡಕ್ಕೂ ನಡುವೆ ಗಾಯಕನ ಅಂದಿನ ಗಂಟಲಿಗೆ ತಕ್ಕ ಒಂದು ನೆಲೆಯನ್ನು ಕಿವಿಯಿಂದಲೇ ಹುಡುಕಬೇಕಾಗಿತ್ತು.

ಪಶ್ಚಿಮದ ವಿದ್ಯುನ್ಮಾನ ಸಂಗೀತವೂ ನಮ್ಮ ದೇಶಕ್ಕೆ ತಡವಾಗಿಯೇನೂ ಬರಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರರ ನೆರವಿನಿಂದ ಮೂಗ್ ಸಿಂಥೆಸೈಜರು ನೆಲೆಗೊಂಡು, ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ರಚನೆಗಳನ್ನು ಮಾಡಿದರು. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಎಂಬ ಚಲನಚಿತ್ರ ವಾದಕರು, ಗಿಟಾರು ನುಡಿಸುವವರಿಗೆ ಒತ್ತಾಸೆಯಾಗಲೆಂದು ಜಪಾನಿನ ರೋಲೆಂಡ್ ಸಂಸ್ಥೆ ತಯಾರಿಸಿದ ಟಿಬಿ-303 ಎಂಬ ಬೇಸ್ ಯಂತ್ರದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯವಿರುವುದನ್ನು ಕಂಡು, ಅದನ್ನು ಬಳಸಿ ಭೈರವ್, ತೋಡಿ, ಮಾಲ್ಕೌಂಸ್ ಮುಂತಾದ ಹತ್ತು ರಾಗಗಳ ಧ್ವನಿಮುದ್ರಿಕೆಯನ್ನು ಹೊರತಂದರು. ಅಂದು ಅದನ್ನು ಕೇಳಿದವರು ಕಡಮೆ. ಆ ಯಂತ್ರವೂ ಮಾರುಕಟ್ಟೆಯಲ್ಲಿ ಸೋತು 1984ರಲ್ಲಿ ನಿಂತುಹೋಯಿತು. ಅದೇ ಯಂತ್ರಗಳನ್ನು ಅಗ್ಗಕ್ಕೆ ಕೊಂಡ ಶಿಕಾಗೋ ನಗರದ ಹುಡುಗರು ಕೆಲವು ವರ್ಷಗಳ ಮೇಲೆ ‘ಆಸಿಡ್’ ಎಂಬ ಹೊಸ ನೃತ್ಯಸಂಗೀತವನ್ನೇ ಹುಟ್ಟಿಸಿದರು. ನಮ್ಮ ಊರುಗಳಿಗೆ ಈ ಯಾವ ಸುದ್ದಿಯೂ ತಲುಪಲಿಲ್ಲ. ತಲುಪಿದುದು ಆರ್ಕೆಸ್ಟ್ರಾದವರ ‘ಕ್ಯಾಸಿಯೋ’. ಯಾವ ಕಂಪನಿಯ ಕೀಬೋರ್ಡಾದರೂ ಅದಕ್ಕೆ ಅದೇ ಹೆಸರು. ಜೊತೆಗೆ ಜಾತ್ರೆಯ ಸಾಲಂಗಡಿಗಳಲ್ಲಿ ಬಳೆ ಪೀಪಿಗಳ ಮಗ್ಗುಲಲ್ಲಿ ಕಿರುಗುಟ್ಟುವ ಬ್ರಿಕ್ ಗೇಮುಗಳು, ಟಿವಿಗೆ ಜೋಡಿಸುವ ವಿಡಿಯೋ ಗೇಮುಗಳು, ‘9999 ಆಟಗಳು’ ಎಂದು ಅಟ್ಟೆಯ ಮೇಲೆ ಬರೆದು ಒಳಗೆ ಹತ್ತಿಪ್ಪತ್ತನ್ನೇ ತಿರುಗಿಸಿ ತಿರುಗಿಸಿ ತೋರಿಸುವ ಕ್ಯಾಸೆಟ್ಟುಗಳು.

ಈಗ ಆ ಕೈಯಾಟದ ಯಂತ್ರದ ಸರದಿ. ಜಪಾನಿನ ನಿಂಟೆಂಡೊ ಸಂಸ್ಥೆಯಲ್ಲಿ ಗುನ್‌ಪೇ ಯೊಕೊಯಿಯವರ ಬಳಗವು ರೂಪಿಸಿ 1989ರ ಏಪ್ರಿಲಿನಲ್ಲಿ ಮಾರುಕಟ್ಟೆಗೆ ಬಂದ ಗೇಮ್‌ಬಾಯ್ ಎಂಬುದು ನಾಲ್ಕು ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ, ಪಾಚಿ ಬಣ್ಣದ ನಾಲ್ಕೇ ಛಾಯೆಗಳನ್ನು ತೋರುವ, ಹಿಂಬೆಳಕಿಲ್ಲದ ಸಾಧನ. ನಮ್ಮಲ್ಲಿ ಅದನ್ನು ಕಂಡವರು ಪ್ರಾಯಶಃ ವಿದೇಶದಿಂದ ಬಂದ ಬಂಧುಗಳ ಪೆಟ್ಟಿಗೆಯಲ್ಲಿ ಕಂಡವರು. ಅದರ ಸದ್ದಿಗೆ ಇರುವುದು ನಾಲ್ಕು ಮಾರ್ಗಗಳು: ಚೌಕಾಕಾರದ ಅಲೆಯವು ಎರಡು, ಮೂವತ್ತೆರಡು ಮೆಟ್ಟಿಲುಗಳಲ್ಲಿ ನಾವೇ ಅಲೆಯ ರೂಪವನ್ನು ಬರೆದುಕೊಡಬಹುದಾದದ್ದು ಒಂದು, ಬರಿಯ ಗದ್ದಲದ್ದು ಒಂದು. 1998ರಲ್ಲಿ ಜರ್ಮನಿಯ ಓಲಿವರ್ ವಿಟ್ಖೌ ‘ನ್ಯಾನೊಲೂಪ್’ ಎಂಬ ಕ್ರಮವಿಧಿಯನ್ನೂ, 2000ದಲ್ಲಿ ಸ್ವೀಡನ್ನಿನ ಯೊಹಾನ್ ಕೊಟ್ಲಿನ್‌ಸ್ಕಿ ‘ಲಿಟ್ಲ್ ಸೌಂಡ್ ಡಿಜೆ’ಯನ್ನೂ ರಚಿಸಿದ ಬಳಿಕ, ಈ ಆಟಿಕೆಯು ರಂಗದ ಮೇಲೆ ವಾದ್ಯವಾಗಿ ಕುಳಿತಿತು. ಅದಕ್ಕೂ ಹಿಂದೆ, ಅರುವತ್ತರ ದಶಕದಲ್ಲಿಯೇ, ಅಮೆರಿಕದ ರೀಡ್ ಗಜಾಲನು ಮೇಜಿನ ಖಾನೆಯಲ್ಲಿದ್ದ ಪುಟ್ಟ ಧ್ವನಿವರ್ಧಕವು ಲೋಹಕ್ಕೆ ತಗುಲಿ ವಿಚಿತ್ರವಾಗಿ ಕೂಗಿಕೊಂಡುದನ್ನು ಕೇಳಿ, ಆಟಿಕೆಗಳ ಮಂಡಲಗಳನ್ನು ಬೇಕೆಂದೇ ಅಡ್ಡಹಾಯಿಸಿ ನಾದ ಹೊರಡಿಸುವ ವಿದ್ಯೆಯನ್ನು ಬೆಳೆಸಿದ್ದನು.

ಗೇಮ್‌ಬಾಯನ್ನು ತಿದ್ದುವ ಪರಿಯನ್ನು ಸಮೀಪದಿಂದ ನೋಡಬೇಕು. ಬೆನ್ನಿನ ಸ್ಕ್ರೂಗಳು ಮೂರು ಕವಲಿನ ತಲೆಯವು. ಸಾಮಾನ್ಯ ಸ್ಕ್ರೂಡ್ರೈವರಿಗೆ ಅವು ಬಗ್ಗುವುದಿಲ್ಲ. ಮುಚ್ಚಳ ಬಿಡಿಸಿದೊಡನೆ ಎರಡು ಬೋರ್ಡುಗಳನ್ನು ಕೂಡಿಸುವ ಚಪ್ಪಟೆ ರಿಬ್ಬನ್ನು ಕಾಣುತ್ತದೆ. ಅವಸರಪಟ್ಟು ಎಳೆದವನು ಅಲ್ಲಿಯೇ ಯಂತ್ರವನ್ನು ಕಳೆದುಕೊಳ್ಳುತ್ತಾನೆ. ಧ್ವನಿಯ ಚಕ್ರವನ್ನು ದಾಟಿದ ಬಳಿಕ ಸಂಕೇತವು ಅಗ್ಗದ ವರ್ಧಕವೊಂದರ ಮೂಲಕ ಹಾದು, ಗುಂಯ್‌ಗುಟ್ಟುವ ಕಲ್ಮಷವನ್ನು ಮೈಗೂಡಿಸಿಕೊಳ್ಳುವುದರಿಂದ, ಆ ಚಕ್ರದ ಪಿನ್ನುಗಳಲ್ಲಿಯೇ ಎಡಕ್ಕೊಂದು, ಬಲಕ್ಕೊಂದು, ಭೂಮಿಗೊಂದು ಎಂದು ಮೂರು ತಂತಿಗಳನ್ನು ಬೆಸೆದು, ಕವಚಕ್ಕೆ ತೂತು ಕೊರೆದು ಕೂರಿಸಿದ ಹೊಸ ಸಾಕೆಟ್ಟುಗಳಿಗೆ ತರುವುದು ಮೊದಲ ತಿದ್ದುಪಾಟು. ಹಳೆಯ ಪರದೆಯ ಹಿಂದೆ ಬೆಳಕಿನ ತಗಡನ್ನು ಸೇರಿಸುವುದು ಎರಡನೆಯದು. ಮೂರನೆಯದು ಯಂತ್ರದ ನಾಡಿಯನ್ನೇ ಮುಟ್ಟುವುದು: ಸೆಕೆಂಡಿಗೆ 41,94,304 ಬಾರಿ ಮಿಡಿಯುವ ಸ್ಫಟಿಕವನ್ನು ಕಿತ್ತು, ಇಷ್ಟದಂತೆ ಏರಿಳಿಸಬಲ್ಲ ಬೇರೊಂದು ಆಂದೋಲಕವನ್ನು ಅಲ್ಲಿಡುವುದು. ಆಗ ಆಟದ ವೇಗದೊಂದಿಗೆ ಸಂಗೀತದ ಶ್ರುತಿಯೂ ಏರಿಳಿಯುತ್ತದೆ.

ಈ ಯಂತ್ರದ ಸ್ವರಗಳು ಎಲ್ಲಿಂದ ಬರುತ್ತವೆಂಬುದರಲ್ಲಿಯೇ ನನ್ನ ಆಸಕ್ತಿಯೆಲ್ಲ ಇದೆ. ಮೇಲಣ ಸಂಗೀತ ಕ್ರಮವಿಧಿಯು ಹಾರ್ಮೋನಿಯಮ್ಮಿನ ಹನ್ನೆರಡು ಮನೆಗಳನ್ನೇ ಒದಗಿಸುತ್ತದೆಯಾದರೂ, ಚಿಪ್ಪಿಗೆ ಅಂತಹ ಮನೆಗಳು ಗೊತ್ತಿಲ್ಲ. ಅದು ಬಲ್ಲುದು ಒಂದು ಎಣಿಕೆಯನ್ನು ಮಾತ್ರ: 1,31,072ನ್ನು ನಾವು ಕೊಟ್ಟ ಒಂದು ಪೂರ್ಣಾಂಕದಿಂದ ಭಾಗಿಸಿದಾಗ ಬರುವಷ್ಟು ಕಂಪನಗಳನ್ನು ಚೌಕದಲೆಯು ಸೆಕೆಂಡಿಗೆ ಹೊರಡಿಸುತ್ತದೆ. ಎಣಿಕೆ ದೊಡ್ಡದಾದರೆ ಸ್ವರ ತಗ್ಗು, ಚಿಕ್ಕದಾದರೆ ಹೆಚ್ಚು. ತಂತಿಯ ಉದ್ದಕ್ಕೂ ಸ್ವರಕ್ಕೂ ಇರುವ ಸಂಬಂಧವೇ ಇದು! ಅಹೋಬಲನು ವೀಣೆಯ ದಂಡಿಯ ಮೇಲೆ ಅಳೆದುದನ್ನು ಜಪಾನಿನ ಇಂಜಿನಿಯರು ತನಗರಿಯದೆಯೇ ಸಿಲಿಕಾನಿನ ಚೂರಿನ ಮೇಲೆ ಬರೆದಿಟ್ಟಿದ್ದಾನೆ. ತಂತಿಯ ಉದ್ದವನ್ನು 480 ಎಂದು ಇಟ್ಟುಕೊಳ್ಳೋಣ. ಆಗ ಷಡ್ಜಕ್ಕೆ ಸುಮಾರು 273 ಕಂಪನಗಳು, ಗಂಡುಗಂಟಲಿನ ಒಂದೂವರೆ ಮನೆಗಿಂತ ಕೂದಲೆಳೆ ತಗ್ಗು. ಪುರಂದರದಾಸರ ಕಾಲದಿಂದ ಮಕ್ಕಳಿಗೆ ಮೊದಲ ಪಾಠವೆನಿಸಿರುವ ಮಾಯಾಮಾಳವಗೌಳದ ಶುದ್ಧಸ್ಥಾನಗಳನ್ನು ಈಗ ಗುಣಿಸಿದರೆ, ರಿಷಭ 450, ಗಾಂಧಾರ 384, ಮಧ್ಯಮ 360, ಪಂಚಮ 320, ಧೈವತ 300, ನಿಷಾದ 256, ತಾರಷಡ್ಜ 240: ಒಂದಾದರೂ ಭಿನ್ನರಾಶಿಯಿಲ್ಲ. ಹಾರ್ಮೋನಿಯಂ ಕೊಡಲಾರದ ನಿಷ್ಕಳಂಕ ಗಾಂಧಾರವನ್ನು ಆಟದ ಯಂತ್ರವು ಕೊಡಬಲ್ಲದು.

ಗಮಕದ ಮಾತೇನು ಎಂದು ವಿದ್ವಾಂಸರು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ ಸರಿ. ಸ್ವರ ನುಡಿಯುತ್ತಿರುವಾಗಲೇ ಎಣಿಕೆಯನ್ನು ಬದಲಿಸಲು ಚಿಪ್ಪಿನ ಅಭ್ಯಂತರವಿಲ್ಲ. ಷಡ್ಜದ ಬಳಿ, ಶ್ರುತಿಗಳ ನಡುವಣ ಅತಿ ಸಣ್ಣ ಅಂತರವಾದ ಒಂದು ಪ್ರಮಾಣಶ್ರುತಿಗೆ ಸರಿಯಾಗಿ ಆರು ಎಣಿಕೆಗಳು ಸಿಕ್ಕುತ್ತವೆ. ಆದುದರಿಂದ 384ರ ಗಾಂಧಾರದಿಂದ 360ರ ಮಧ್ಯಮಕ್ಕೆ ಇಪ್ಪತ್ತನಾಲ್ಕು ಸಣ್ಣ ಹೆಜ್ಜೆಗಳಲ್ಲಿ ಜಾರಿ ಮರಳುವ ಆಂದೋಲನವನ್ನು ಬರೆಯಬಹುದು. ತಾರಸ್ಥಾಯಿಗೆ ಏರಿದಂತೆ ಹೆಜ್ಜೆಗಳು ಒರಟಾಗುತ್ತವೆ, ಕಿವಿಗೆ ಮೆಟ್ಟಿಲು ತಿಳಿಯುತ್ತದೆ. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಬೇರೆ ರಾಗಗಳಿಗೆ 480 ಸಾಲದೆಂಬುದೂ ನಿಜ: ಕಲ್ಯಾಣಿಯ ಪ್ರತಿಮಧ್ಯಮಕ್ಕೂ ಚತುಶ್ಶ್ರುತಿ ರಿಷಭಕ್ಕೂ ಅಲ್ಲಿ ಭಿನ್ನರಾಶಿಗಳು ಬಂದು ಅಡ್ಡಿಯಾಗುತ್ತವೆ. ರಾಮಾಮಾತ್ಯನ ಮಾತಿನಲ್ಲಿ ಹೇಳುವುದಾದರೆ ಅದು ಏಕರಾಗಮೇಳದ ವೀಣೆಯ ಜಾತಿಯದು, ಮೆಟ್ಟಿಲುಗಳನ್ನು ಸರಿಸಿಕೊಳ್ಳಬೇಕು. ಕಲ್ಯಾಣಿಗೆ ಷಡ್ಜವನ್ನು 360ರಲ್ಲಿ ಇಡತಕ್ಕದ್ದು. ಆಗ 320, 288, 256, 240, 216, 192, 180 ಎಂದು ಮತ್ತೆ ಎಲ್ಲವೂ ಪೂರ್ಣಾಂಕಗಳಾಗಿ ಇಳಿಯುತ್ತವೆ, ಶ್ರುತಿಯು ಹೆಣ್ಣುಮಕ್ಕಳು ಹಾಡುವ ನಾಲ್ಕೂವರೆ ಮನೆಯ ಹತ್ತಿರ ಬರುತ್ತದೆ. ಎರಡು ಲೆಕ್ಕಗಳಲ್ಲಿಯೂ ಉಳಿಯುವ ಆ ಕೂದಲೆಳೆಯ ತಗ್ಗನ್ನು, ಸ್ಫಟಿಕದ ಜಾಗದಲ್ಲಿ ಕೂರಿಸಿದ ಆಂದೋಲಕವನ್ನು ನೂರಕ್ಕೆ ಒಂದೂವರೆ ಪಾಲಿನಷ್ಟು ಏರಿಸಿ, ತಂಬೂರಿಯೊಡನೆ ಕಿವಿಯಿಟ್ಟು ಸರಿಪಡಿಸಿಕೊಳ್ಳಬಹುದು.